ತಲೆನೋವಿಗೆ ಮುಲಾಮು, ಕಷಾಯ, ಮಾತ್ರೆ, ನಸ್ಯ: ನನ್ನ 9 ವರ್ಷದ ಲೆಕ್ಕ

ಒಂದು ಕಾಲದಲ್ಲಿ ನನ್ನ ಬ್ಯಾಗಿನಲ್ಲಿ ಏನೇನಿತ್ತು ಅಂದರೆ, ಅಳತೆ ಟೇಪು, ಒಂದು ಹಳದಿ ಮುಲಾಮಿನ ಡಬ್ಬಿ, ಎರಡು ಥರದ ಮಾತ್ರೆ ಶೀಟು, ಮತ್ತೆ ಯಾವಾಗಲೂ ಒಂದು ಖಾಲಿ ಪ್ಲಾಸ್ಟಿಕ್ ಕವರ್. ಕವರ್ ಯಾಕೆ ಅಂತ ಅರೆತಲೆನೋವು, ಅಂದರೆ ಮೈಗ್ರೇನ್, ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ 60 ಕಿಲೋಮೀಟರ್ ಚಿಲ್ಲರೆ, ಮಂಡಗದ್ದೆವರೆಗೂ ತಿರುವುಗಳೇ, ಮೇಲೆ ಡೀಸೆಲ್ ವಾಸನೆ, ಪಕ್ಕದಲ್ಲಿ ಯಾರಾದರೂ ಮಲ್ಲಿಗೆ ಮುಡಿದು ಕೂತಿದ್ದರೆ ಮುಗಿದೇ ಹೋಯಿತು.

ನಾನು ಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು, ಡಾಕ್ಟರ್ ಅಲ್ಲ. ಆದರೆ 9 ವರ್ಷದಿಂದ ಈ ನೋವಿನ ಜೊತೆ ಸಂಸಾರ ಮಾಡುತ್ತಾ ಮನೆಯವರು, ನೆಂಟರು, ಗಿರಾಕಿಗಳು, ಡಾಕ್ಟರುಗಳು ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದೇನೆ. ಅಂಗಡಿಗೆ ಬಂದವರು ಕೇಳುವುದು ಒಂದೇ ಪ್ರಶ್ನೆ, "ಅಕ್ಕಾ, ನಿಮಗೆ ಯಾವ ಮಾತ್ರೆ ಹಿಡಿಸ್ತು?" ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಿದರೆ ತಪ್ಪು ಹೇಳಿದ ಹಾಗೆ ಆಗುತ್ತದೆ. ಯಾಕೆಂದರೆ ನನಗೆ ಎಲ್ಲಕ್ಕಿಂತ ಬೇಗ ಹಿಡಿಸಿದ ಮಾತ್ರೆಯೇ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡಿತು.

ಲೆಕ್ಕ ಇಟ್ಟಿದ್ದು ಹೇಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆ ಬಾಗಿಲ ಹಿಂದೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ. ತಲೆನೋವು ಬಂದ ದಿನ ಒಂದು ಅಡ್ಡಗೆರೆ. ಮಲಗಲೇಬೇಕಾಗಿ ಬಂದರೆ ಅದನ್ನೇ ಗುಣಿಸುವ ಗುರುತು ಮಾಡುವುದು. ಮಾತ್ರೆ ನುಂಗಿದರೆ ಪಕ್ಕದಲ್ಲಿ ಒಂದು ಚುಕ್ಕಿ. ಇದನ್ನು ಶುರು ಮಾಡಿಸಿದ್ದು ಶಿವಮೊಗ್ಗದ ನರರೋಗದ ಡಾಕ್ಟರು, ಅದೂ ಆರನೇ ವರ್ಷದಲ್ಲಿ. ಅದಕ್ಕೂ ಹಿಂದಿನದೆಲ್ಲ ನೆನಪಿನ ಮೇಲೆ ಹೇಳುತ್ತಿದ್ದೇನೆ, ಹಾಗಾಗಿ ಅದನ್ನು ಅಷ್ಟು ನಂಬಬೇಡಿ.

ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವುದೇ. ಬಟ್ಟೆ ಹೊಲಿಯುವವಳಲ್ವಾ, ಕಣ್ಣಿನಿಂದಲೇ ಬಂದಿರಬೇಕು ಅಂತ ಕನ್ನಡಕ ಮಾಡಿಸಿದೆ. ಸೂಜಿಗೆ ದಾರ ಪೋಣಿಸುವುದು ಸಲೀಸಾಯಿತು, ಅಷ್ಟೇ. ಆಮೇಲೆ ಸೈನಸ್ ಅಂತ ಒಂದು ವರ್ಷ ಹಬೆ ತೆಗೆದುಕೊಂಡೆ. ಆಮೇಲೆ ಪಿತ್ತ. ನಮ್ಮ ಕಡೆ ಯಾವ ತಲೆನೋವಾದರೂ ಕೊನೆಗೆ ಪಿತ್ತಕ್ಕೆ ಹೋಗಿ ನಿಲ್ಲುತ್ತದೆ, ವಾಂತಿಯಾದ ಮೇಲೆ ಸ್ವಲ್ಪ ಹಗುರ ಆಗುವುದರಿಂದ ಆ ಮಾತು ನಿಜ ಅಂತಲೂ ಅನಿಸುತ್ತದೆ.

ಡಾಕ್ಟರು ಸ್ಕ್ಯಾನ್ ಬರೆಯಲೇ ಇಲ್ಲ. ನನಗೆ ಬೇಜಾರಾಗಿತ್ತು, ಇಷ್ಟು ದೂರ ಬಂದಿದ್ದೇನೆ, ಒಂದು ಫೋಟೋನೂ ತೆಗೆಸಲಿಲ್ಲವಲ್ಲ ಅಂತ. ಅವರು ಬರೀ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಇರುತ್ತದೆ, ತಲೆಯೊಳಗೆ ಯಾರೋ ಒರಳು ಕುಟ್ಟಿದ ಹಾಗೆ ಬಡಿಯುತ್ತದೆಯೋ ಬಿಗಿದು ಕಟ್ಟಿದ ಹಾಗೆ ಇರುತ್ತದೆಯೋ, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆಯೋ, ಬೆಳಕು ಸದ್ದು ಆಗಿಬರುವುದಿಲ್ಲವೋ, ಹೊಟ್ಟೆ ತೊಳೆಸುತ್ತದೆಯೋ. ಮೈಗ್ರೇನ್ ಅನ್ನುವುದನ್ನು ಹೀಗೆ ಕೇಳಿಯೇ ಕಂಡುಹಿಡಿಯುವುದಂತೆ, ಔಷಧಿ ಇಲ್ಲದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆವರೆಗೆ ಇರುತ್ತದಂತೆ. ಅಲ್ಲಿ ಗೊತ್ತಾಗಿದ್ದು ಏನೆಂದರೆ ನನಗೆ ಇರುವುದು ಒಂದಲ್ಲ, ಎರಡು ತಲೆನೋವು. ಒಂದು ಬಲಗಣ್ಣಿನ ಹಿಂದೆ ಶುರುವಾಗಿ ಬಡಿಯುವ ಅರೆತಲೆನೋವು. ಇನ್ನೊಂದು ಮದುವೆ ಸೀಸನ್ನಿನಲ್ಲಿ ದಿನಕ್ಕೆ 10 ಗಂಟೆ ಬಗ್ಗಿ ಕೂತು ಕತ್ತಿನಿಂದ ಹತ್ತಿ ಹಣೆಗೆ ಪಟ್ಟಿ ಕಟ್ಟಿದ ಹಾಗೆ ಆಗುವುದು, ಅದಕ್ಕೆ ಟೆನ್ಶನ್ ತಲೆನೋವು ಅನ್ನುತ್ತಾರೆ. ಈ ಎರಡಕ್ಕೂ ಒಂದೇ ಮದ್ದು ಹಾಕಿ, ಇದು ಕೆಲಸ ಮಾಡಿತು ಇದು ಮಾಡಲಿಲ್ಲ ಅಂತ ನಾನು 6 ವರ್ಷ ಹೇಳಿಕೊಂಡು ತಿರುಗಿದ್ದೆ.

ಈಗ ಹೋಲಿಕೆಗೆ ಬರುತ್ತೇನೆ.

ಅತ್ತೆಯದು ಅಮೃತಾಂಜನ ಪಕ್ಷ. ಅದು 1893ರಲ್ಲಿ ಮುಂಬಯಿಯಲ್ಲಿ ಶುರುವಾದ ಮುಲಾಮು, ಅತ್ತೆಯ ಅತ್ತೆಯೂ ಹಚ್ಚುತ್ತಿದ್ದರಂತೆ. ನಮ್ಮಮ್ಮನದು ಕಷಾಯ ಪಕ್ಷ: ಕೊತ್ತಂಬರಿ, ಜೀರಿಗೆ, ಮೆಣಸು, ಒಣಶುಂಠಿ, ಬೆಲ್ಲ. ಈ ಎರಡರಲ್ಲಿ ಬಿಗಿದು ಕಟ್ಟಿದ ತಲೆನೋವಿಗೆ ಮುಲಾಮು ಗೆದ್ದಿತು, ಅನುಮಾನವೇ ಇಲ್ಲ. ಇಂಥ ಮುಲಾಮುಗಳಲ್ಲಿರುವ ಪುದೀನ ಸತ್ವ ಚರ್ಮದಲ್ಲಿರುವ ತಂಪು ಗ್ರಹಿಸುವ ನರಗಳನ್ನು ತಟ್ಟಿ ಎಬ್ಬಿಸುತ್ತದೆ, ಅದಕ್ಕೇ ತಣ್ಣಗೆ ಅನಿಸುವುದು, ನಿಜವಾಗಿ ಏನೂ ತಣ್ಣಗಾಗಿರುವುದಿಲ್ಲ. ಜೊತೆಗೆ ಅತ್ತೆ ಕೂತು ಕತ್ತು ಉಜ್ಜಿಕೊಡುತ್ತಾರಲ್ಲ, ಅರ್ಧ ಗುಣ ಅದರದ್ದು. ಆದರೆ ಅರೆತಲೆನೋವಿನ ದಿನ ಯಾವ ಮುಲಾಮಿನ ಡಬ್ಬಿಯ ಮುಚ್ಚಳ ತೆಗೆದರೂ ಆ ಘಾಟಿಗೇ ನನಗೆ ವಾಂತಿ. ವಾಸನೆ ತಡೆಯಲಾಗದಿರುವುದು ಈ ಕಾಯಿಲೆಯದೇ ಗುಣ. ಕಷಾಯ ತದ್ವಿರುದ್ಧ. ನೋವಿಗೆ ಏನೂ ಮಾಡಲಿಲ್ಲ, ಹೊಟ್ಟೆ ತೊಳೆಸುವುದಕ್ಕೆ ಮಾತ್ರ ಶುಂಠಿ ಚೆನ್ನಾಗಿ ಹಿಡಿಯಿತು. ಈಗಲೂ ಮಾತ್ರೆ ನುಂಗುವ ಮೊದಲು ಎರಡು ಗುಟುಕು ಶುಂಠಿ ನೀರು ಕುಡಿಯುತ್ತೇನೆ. ಗಂಧ ತೇಯ್ದು ಹಚ್ಚುವುದು, ಒಂದೆಲಗದ ತಂಬುಳಿ ಇವೆಲ್ಲವನ್ನೂ ಮಾಡಿದ್ದೇನೆ. ತಂಬುಳಿ ಊಟಕ್ಕೆ ಬಹಳ ಚೆನ್ನಾಗಿರುತ್ತದೆ.

ಮನೆಮದ್ದಿನಲ್ಲಿ ನಿಜವಾಗಿ ಗೆದ್ದಿದ್ದು ಯಾವುದಪ್ಪಾ ಅಂದರೆ ಕತ್ತಲೆ. ನಮ್ಮ ಹಳೇ ಮನೆಯಲ್ಲಿ ಅಡಿಕೆ ಮೂಟೆ ಇಡುವ ಒಂದು ನಡುಕೋಣೆ ಇದೆ, ಕಿಟಕಿ ಇಲ್ಲ, ಮಣ್ಣಿನ ಗೋಡೆ, ಬೇಸಿಗೆಯಲ್ಲೂ ತಣ್ಣಗೆ. ಒದ್ದೆ ಟವೆಲ್ ಬಿಗಿಯಾಗಿ ಸುತ್ತಿಕೊಂಡು ಅಲ್ಲಿ ಮಲಗಿ 2 ಗಂಟೆ ನಿದ್ದೆ ಬಂದರೆ ಎದ್ದಾಗ ಬೇರೆ ಮನುಷ್ಯಳೇ. ತೊಂದರೆ ಏನೆಂದರೆ ಗಿರಾಕಿ ನಾಳೆ ಬೆಳಿಗ್ಗೆ ಧಾರೆ ಇದೆ, ಬ್ಲೌಸ್ ಕೊಡಿ ಅಂತ ನಿಂತಿದ್ದಾಗ ನಡುಕೋಣೆಗೆ ಹೋಗಿ ಮಲಗಲು ಆಗುವುದಿಲ್ಲ. ಮಾತ್ರೆಯ ದಾರಿ ಹಿಡಿದಿದ್ದು ಹಾಗೆ.

ಮಾತ್ರೆಗಳಲ್ಲಿ ನಾನು ನೋಡಿದ್ದು ಮೂರು. ಬರೀ ಪ್ಯಾರಾಸಿಟಮಾಲ್, ಮೆಡಿಕಲ್ ಶಾಪಿನಲ್ಲಿ "ಮೈಗ್ರೇನ್ ಮಾತ್ರೆ" ಅಂತ ಕೇಳಿದರೆ ಕೊಡುತ್ತಿದ್ದ ಒಂದು ಮಿಶ್ರಣದ ಮಾತ್ರೆ, ಮತ್ತೆ ಡಾಕ್ಟರು ಬರೆದುಕೊಟ್ಟ ಸುಮಾಟ್ರಿಪ್ಟಾನ್.

ಪ್ಯಾರಾಸಿಟಮಾಲ್ ಬಗ್ಗೆ ನನಗೆ ಮೊದಲು ತಾತ್ಸಾರ ಇತ್ತು. ನುಂಗಿ ಒಂದೂವರೆ ಗಂಟೆಯಾದರೂ ಏನೂ ಆಗುತ್ತಿರಲಿಲ್ಲ. ಆಮೇಲೆ ಡಾಕ್ಟರು ಹೇಳಿದ್ದು: ಅರೆತಲೆನೋವು ಏರಿದಾಗ ಹೊಟ್ಟೆ ಕೆಲಸ ನಿಧಾನ ಮಾಡುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ, ರಕ್ತಕ್ಕೆ ಸೇರುವುದು ತಡ. ನಾನು ಮಾಡುತ್ತಿದ್ದುದು ಏನು? ಇನ್ನೊಂದು ತೋಳು ಹಾಕಿ ಮುಗಿಸಿಬಿಡೋಣ, ಇನ್ನೊಂದು ಹುಕ್ಕು ಹಾಕಿಬಿಡೋಣ ಅಂತ ತಡೆದುಕೊಂಡು, ನೋವು ಪೂರ್ತಿ ಏರಿದ ಮೇಲೆ ನುಂಗುವುದು. ವಾಂತಿ ನಿಲ್ಲಿಸುವ ಮಾತ್ರೆಯನ್ನು ಜೊತೆಗೆ ಬರೆದುಕೊಟ್ಟರು, ಶುರುವಿನಲ್ಲೇ ನುಂಗಿ ಅಂದರು. ಅದೇ ಪ್ಯಾರಾಸಿಟಮಾಲ್ ಆಮೇಲೆ ಸಣ್ಣ ನೋವುಗಳಿಗೆ ಸಾಕಾಗತೊಡಗಿತು. ದಿನಕ್ಕೆ ಒಟ್ಟು 4 ಗ್ರಾಂ ಮೇಲೆ ಹೋಗಬಾರದು, ಅಂದರೆ 500ರ ಮಾತ್ರೆ 8, ಅದು ಆರೋಗ್ಯವಾಗಿರುವ ದೊಡ್ಡವರಿಗೆ ಕೊನೆಯ ಗಡಿ. ನೆಗಡಿ ಮಾತ್ರೆಯಲ್ಲೂ ಇದೇ ಇರುತ್ತದೆ, ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಮಿಶ್ರಣದ ಮಾತ್ರೆ ನನ್ನ ಪಾಲಿಗೆ ದೇವರ ಹಾಗೆ ಬಂತು. ಹೆಸರು ಬೇಡ. ಅದರಲ್ಲಿ ಪ್ಯಾರಾಸಿಟಮಾಲ್, ಕೆಫೀನ್, ಎರ್ಗೋಟಮಿನ್ ಅಂತ ಶೀಟಿನ ಹಿಂದೆ ಇರುವೆ ಅಕ್ಷರದಲ್ಲಿ ಬರೆದಿರುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯುತ್ತಿತ್ತು, ನಾನು ಮತ್ತೆ ಮಷೀನಿನ ಮುಂದೆ. ಚೀಟಿ ಕೇಳುವವರಿಲ್ಲ, ಶಾಪಿನ ಹುಡುಗ ನನ್ನನ್ನು ದೂರದಿಂದ ಕಂಡರೇ ಶೀಟು ಕತ್ತರಿಸಲು ಶುರು ಮಾಡುತ್ತಿದ್ದ. ಮೊದಲ ವರ್ಷ ತಿಂಗಳಿಗೆ 4 ಮಾತ್ರೆ. ಎರಡನೇ ವರ್ಷ ಎಷ್ಟು ಅಂತ ನಾನು ಎಣಿಸಲಿಲ್ಲ, ಎಣಿಸಬಾರದು ಅಂತಲೇ ಎಣಿಸಲಿಲ್ಲ ಅಂತ ಈಗ ಅನಿಸುತ್ತದೆ. ನೋವು ಬರುವ ಮೊದಲೇ, ಇವತ್ತು ಬರಬಹುದು ಅಂತ, ಬಸ್ ಹತ್ತುವ ಮುಂಚೆ ಒಂದು. ಗೃಹಪ್ರವೇಶಕ್ಕೆ ಹೋಗುವ ಮುಂಚೆ ಒಂದು. ಬೆಳಿಗ್ಗೆ ಎದ್ದಾಗಲೇ ತಲೆ ಭಾರ, ಕಾಫಿ ಜೊತೆ ಒಂದು.

ಕ್ಯಾಲೆಂಡರಿನ ಮೊದಲ ತಿಂಗಳು ಮುಗಿದಾಗ ಗೆರೆಗಳು 19, ಚುಕ್ಕಿ ಇದ್ದ ದಿನಗಳು 17. ಅದನ್ನು ತೋರಿಸಿದಾಗ ಡಾಕ್ಟರು ನನ್ನ ಮುಖ ನೋಡಲಿಲ್ಲ, ಚುಕ್ಕಿಗಳನ್ನೇ ನೋಡಿದರು. ಇಂಥ ಮಿಶ್ರಣದ ಮಾತ್ರೆ, ಎರ್ಗೋಟಮಿನ್, ಸುಮಾಟ್ರಿಪ್ಟಾನ್ ಥರದ ಟ್ರಿಪ್ಟಾನ್ ಮಾತ್ರೆ, ಯಾವುದನ್ನಾದರೂ ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಬರೀ ಪ್ಯಾರಾಸಿಟಮಾಲ್ ಥರದ್ದನ್ನು 15 ದಿನ ಅಥವಾ ಜಾಸ್ತಿ, ಹೀಗೆ 3 ತಿಂಗಳು ಮೀರಿ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದಂತೆ. ಮಾತ್ರೆಯ ಗುಣ ಇಳಿದ ಕೂಡಲೇ ನೋವು, ಅದಕ್ಕೆ ಮತ್ತೆ ಮಾತ್ರೆ. ಮುಂಚೆಯೇ ಅರೆತಲೆನೋವು ಇರುವವರಿಗೆ ಇದು ಜಾಸ್ತಿ ಗಂಟು ಬೀಳುವುದು. ಸೊಂಟ ನೋವಿಗೆ ದಿನಾ ನೋವಿನ ಮಾತ್ರೆ ನುಂಗುವವರಿಗೂ, ಅವರಿಗೆ ಅರೆತಲೆನೋವಿನ ಗುಣ ಇದ್ದರೆ, ಹೀಗಾಗಬಹುದಂತೆ. ನನ್ನ 19 ಗೆರೆಯಲ್ಲಿ ಎಷ್ಟು ಕಾಯಿಲೆಯದ್ದು, ಎಷ್ಟು ಔಷಧಿಯದ್ದು ಅಂತ ಹೇಳಲು ಬಿಟ್ಟು ನೋಡುವುದೊಂದೇ ದಾರಿ.

ಬಿಟ್ಟೆ. ಬಿಟ್ಟ ಆ ದಿನಗಳ ಬಗ್ಗೆ ಹೇಳಲೇಬೇಕು, ಯಾಕೆಂದರೆ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಬಿಟ್ಟ ಮೇಲೆ 2ರಿಂದ 10 ದಿನ ಮೊದಲಿಗಿಂತ ಜೋರಾಗಿ ಬರಬಹುದು ಅಂತ ಡಾಕ್ಟರು ಎಚ್ಚರಿಸಿದ್ದರು. ನನಗೆ 8 ದಿನ. ಆಷಾಢ, ಮದುವೆ ಇಲ್ಲದ ತಿಂಗಳು ಅಂತ ನೋಡಿಯೇ ಶುರು ಮಾಡಿದ್ದೆ. ಹೊರಗೆ ಜಡಿಮಳೆ, ಕರೆಂಟು ಇಲ್ಲ, ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಒಂದೊಂದು ಹನಿಯೂ ತಲೆಗೇ ಬಿದ್ದ ಹಾಗೆ. ನಾಲ್ಕನೇ ದಿನ ಮನೆಯವರು ಮಾತ್ರೆ ತಂದುಕೊಡಲಾ ಅಂತ ಕೊಡೆ ಹಿಡಿದು ಹೊರಟೇಬಿಟ್ಟಿದ್ದರು, ಅತ್ತೆ ತಡೆದರು. ಅಮೃತಾಂಜನ ಪಕ್ಷದವರು ಆವತ್ತು ನನ್ನ ಪಕ್ಷಕ್ಕೆ ಬಂದರು. ಒಂಬತ್ತನೇ ದಿನ ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಏನೂ ಇರಲಿಲ್ಲ. ನೋವಿಲ್ಲದ ಬೆಳಗು ಹೇಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮುಂದಿನ ತಿಂಗಳು ಬೇರೆ ಏನೂ ಮಾಡದೆ, ಬರೀ ಬಿಟ್ಟಿದ್ದಕ್ಕೆ, 11 ಗೆರೆ.

ಎಲ್ಲರೂ ಮನೆಯಲ್ಲೇ ಬಿಡಬಹುದು ಅಂತ ನಾನು ಹೇಳುತ್ತಿಲ್ಲ. ನಿದ್ದೆ ಮಾತ್ರೆ ಥರದ್ದು ಸೇರಿದ್ದರೆ ಡಾಕ್ಟರ ಕಣ್ಣೆದುರೇ ನಿಧಾನವಾಗಿ ಬಿಡಬೇಕಾಗುತ್ತದೆ.

ಆಮೇಲೆ ಸುಮಾಟ್ರಿಪ್ಟಾನ್, 50 ಮಿಲಿಗ್ರಾಂ. ಇದು 1990ರ ದಶಕದ ಶುರುವಿನಲ್ಲಿ ಬಂದ ಔಷಧಿ, ನೋವಿನ ಮಾತ್ರೆ ಅಲ್ಲ, ಅರೆತಲೆನೋವಿಗೆ ಅಂತಲೇ ಮಾಡಿದ್ದು. ಹಾಗಾಗಿ ಕತ್ತಿನ ನೋವಿಗೋ ಹಲ್ಲುನೋವಿಗೋ ನುಂಗಿದರೆ ಉಪಯೋಗವಿಲ್ಲ. ಕೊಡುವ ಮೊದಲು ಬಿಪಿ ನೋಡಿದರು, ಇಸಿಜಿ ಮಾಡಿಸಿದರು. ಹೃದಯದ ಕಾಯಿಲೆ, ಪಾರ್ಶ್ವವಾಯು ಆದವರಿಗೆ, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಇದನ್ನು ಕೊಡುವುದಿಲ್ಲ, ರಕ್ತನಾಳ ಬಿಗಿಯುತ್ತದೆ. ಎರ್ಗೋಟಮಿನ್ ಇರುವ ಮಾತ್ರೆ ನುಂಗಿ 24 ಗಂಟೆ ಆಗುವವರೆಗೆ ಇದನ್ನು ಮುಟ್ಟಲೇಬಾರದು. ಆ ಹಳೇ ಮಿಶ್ರಣದ ಮಾತ್ರೆಯೇನಾದರೂ ಮನೆಯಲ್ಲಿ ಉಳಿದಿದ್ದರೆ ಎಸೆಯಿರಿ ಅಂತ ಡಾಕ್ಟರು ಅದಕ್ಕೇ ಹೇಳಿದ್ದು.

ಮೊದಲ ಸಲ ನುಂಗಿದಾಗ ಕತ್ತು, ಎದೆಯ ಮೇಲ್ಭಾಗ ಯಾರೋ ಒತ್ತಿದ ಹಾಗೆ ಆಯಿತು. ಹೆದರಿ ಫೋನ್ ಮಾಡಿದೆ. ಹಾಗಾಗುತ್ತದೆ, ಇಳಿಯುತ್ತದೆ, ಆದರೆ ಜೋರಾದರೆ ಸುಮ್ನೆ ಕೂರಬೇಡಿ, ಬನ್ನಿ ಅಂದರು. 20 ನಿಮಿಷದಲ್ಲಿ ಇಳಿಯಿತು. ನೋವು ಪೂರ್ತಿ ಹೋಗಲು ಒಂದೂಕಾಲು ಗಂಟೆ. ಅಂದರೆ ವೇಗದಲ್ಲಿ ಹಳೇ ಮಿಶ್ರಣವೇ ಮುಂದು. ಬೆಲೆಯಲ್ಲೂ ಸುಮಾಟ್ರಿಪ್ಟಾನ್ ದುಬಾರಿ. ಕೆಲವು ಸಲ ಹೋದ ನೋವು ಸಂಜೆಗೆ ಮತ್ತೆ ಇಣುಕುತ್ತದೆ, ಆಗ 2 ಗಂಟೆ ಅಂತರ ಬಿಟ್ಟು ಇನ್ನೊಂದು ನುಂಗಬಹುದು. ಹಾಗಿದ್ದರೂ ನಾನು ಇಟ್ಟುಕೊಂಡಿದ್ದು ಇದನ್ನೇ. ಯಾಕೆಂದರೆ ಇದನ್ನು ನುಂಗಿದ ಮರುದಿನ ತಲೆ ತಿಳಿ ಇರುತ್ತದೆ, ಮಿಶ್ರಣ ನುಂಗಿದ ಮರುದಿನ ತಲೆ ಅಂದರೆ ರಾತ್ರಿಯೆಲ್ಲ ಅಡಿಕೆ ಸುಲಿದವರ ತಲೆ. ವಾರಕ್ಕೆ 2 ದಿನ ಮೀರಬಾರದು ಅಂತ ಡಾಕ್ಟರು ಗೆರೆ ಎಳೆದಿದ್ದಾರೆ. ಡಬ್ಬಿಯ ಮೇಲೆ ತಿಂಗಳ ಹೆಸರು ಬರೆದು 8 ಮಾತ್ರೆ ಎಣಿಸಿ ಇಡುತ್ತೇನೆ, ಖಾಲಿಯಾದರೆ ಆ ತಿಂಗಳು ನಡುಕೋಣೆಯೇ ಗತಿ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ತಲೆನೋವಿನ ಜೊತೆ ಜ್ವರ ಬಂದರೆ ಮೇಲೆ ಹೇಳಿದ ಯಾವುದೂ ಲೆಕ್ಕಕ್ಕಿಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗು ಕಚ್ಚಿ ಬರುವ ಅದು ಶುರುವಾಗುವುದು ದಿಢೀರ್ ಜ್ವರ ಮತ್ತು ಜೋರು ತಲೆನೋವಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ. ತರಗೆಲೆ ತರಲು, ಸೌದೆಗೆ ಕಾಡಿಗೆ ಹೋಗಿಬಂದವರು ಇದು ನನ್ನ ಮಾಮೂಲಿ ತಲೆನೋವು ಅಂತ ಮಾತ್ರೆ ನುಂಗಿ ಮಲಗಬಾರದು, ರಕ್ತ ಪರೀಕ್ಷೆಗೆ ಹೋಗಬೇಕು. ಹಾಗೆಯೇ ಗುಡುಗು ಬಡಿದ ಹಾಗೆ ಒಂದೇ ಕ್ಷಣದಲ್ಲಿ ಬರುವ ನೋವು, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾಗುವುದು, ಇವಕ್ಕೂ ಮಾತ್ರೆ ನುಂಗಿ ಮಲಗಬಾರದು, ಡಾಕ್ಟರ ಹತ್ತಿರ ಹೋಗಬೇಕು.

ದಿನಾ ನುಂಗುವ ತಡೆಮಾತ್ರೆಗಳ ಕಥೆ ಬೇರೆ. ಇವು ಬಂದ ನೋವನ್ನು ಇಳಿಸುವುದಿಲ್ಲ, ಬರುವುದನ್ನೇ ಕಡಿಮೆ ಮಾಡುತ್ತವೆ, ಅದೂ ಗೊತ್ತಾಗಲು ಒಂದೆರಡು ತಿಂಗಳು ಬೇಕು. ಮೊದಲು ಫ್ಲೂನಾರಿಜಿನ್ ಕೊಟ್ಟರು, ರಾತ್ರಿ ಒಂದು. ಗೆರೆ 11ರಿಂದ 8ಕ್ಕೆ ಇಳಿಯಿತು. ಆದರೆ 3 ತಿಂಗಳಲ್ಲಿ 4 ಕಿಲೋ ಏರಿದೆ, ನನ್ನ ಬ್ಲೌಸ್‌ಗಳನ್ನೇ ಬಿಚ್ಚಿ ಒಳಗಿನ ಹೊಲಿಗೆ ಸಡಿಲಿಸಬೇಕಾಯಿತು. ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಹಗಲು ತೂಕಡಿಕೆ ಇತ್ತಲ್ಲ, ಅದು ಆಗಲಿಲ್ಲ. ಒಂದು ಮಧ್ಯಾಹ್ನ ಮೋಟಾರು ಮಷೀನಿನ ಸೂಜಿ ತೋರುಬೆರಳಿನ ಉಗುರಿನಲ್ಲೇ ಇಳಿಯಿತು. ಆವತ್ತೇ ಫೋನ್ ಮಾಡಿದೆ.

ಆಮೇಲೆ ಪ್ರೊಪ್ರನೊಲಾಲ್. ಇದು ಹೃದಯಕ್ಕೆ ಅಂತ ಬಂದ ಮಾತ್ರೆ, ಇದನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿದೆ. ಅರೆತಲೆನೋವಿಗೂ ಆಗುತ್ತದೆ ಅನ್ನುವುದು 1960ರ ದಶಕದಲ್ಲಿ ಎದೆನೋವಿಗೆ ಕೊಡುತ್ತಿದ್ದಾಗ ಅಕಸ್ಮಾತ್ತಾಗಿ ಗೊತ್ತಾಗಿದ್ದಂತೆ. ಉಬ್ಬಸ ಇರುವವರಿಗೆ ಇದು ಬೇಡವೇ ಬೇಡ. ನಮ್ಮ ಮಳೆಗಾಲದ ಊರಿನಲ್ಲಿ ಉಬ್ಬಸದವರಿಗೆ ಬರವೇ? ಡಾಕ್ಟರು ಎರಡೆರಡು ಸಲ ಕೇಳಿದರು. ನನಗೆ ಆಗಿದ್ದು ಇಷ್ಟು: ನಾಡಿ ನಿಧಾನ, ತೋಟದ ದಿಬ್ಬ ಹತ್ತುವಾಗ ಅರ್ಧಕ್ಕೆ ನಿಲ್ಲಬೇಕು, ಮಾಘದ ಚಳಿಯಲ್ಲಿ ಬೆರಳು ಮರಗಟ್ಟುತ್ತದೆ. ಮಿಕ್ಕಂತೆ ತೂಕಡಿಕೆ ಇಲ್ಲ, ಬೆಲೆ ಬಹಳ ಕಡಿಮೆ. ಮೂರನೇ ತಿಂಗಳಿಗೆ ಗೆರೆ 5. ಇದನ್ನು ನಮ್ಮಷ್ಟಕ್ಕೆ ದಿಢೀರ್ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಮಳೆಗೆ ರಸ್ತೆ ಬಂದ್ ಆಗುವ ಜುಲೈಗೆ ಮುಂಚೆಯೇ ಎರಡು ತಿಂಗಳದ್ದು ತಂದಿಟ್ಟುಕೊಳ್ಳುತ್ತೇನೆ. ಟ್ರಿಪ್ಟಾನ್‌ಗಳಲ್ಲೇ ರಿಜಾಟ್ರಿಪ್ಟಾನ್ ಅಂತ ಇನ್ನೊಂದಿದೆ, ಪ್ರೊಪ್ರನೊಲಾಲ್ ಜೊತೆ ಅದನ್ನು ಕೊಟ್ಟರೆ ಡೋಸ್ ಇಳಿಸಬೇಕು. ಬೇರೆ ಬೇರೆ ಡಾಕ್ಟರ ಹತ್ತಿರ ಹೋಗುವವರು ಎಲ್ಲ ಚೀಟಿಯನ್ನೂ ತೋರಿಸಬೇಕಾಗಿರುವುದು ಇಂಥದ್ದಕ್ಕೇ.

ಚಿಕ್ಕಮ್ಮನ ಮಗಳಿಗೆ ಫ್ಲೂನಾರಿಜಿನ್ನೇ ಹಿಡಿಸಿತು, ಅವಳು ಮೊದಲೇ ಕಡ್ಡಿ, ಮತ್ತೆ ರಾತ್ರಿ ನಿದ್ದೆ ಬರದವಳು. ಇನ್ನೊಬ್ಬ ಗಿರಾಕಿಗೆ ಅಮಿಟ್ರಿಪ್ಟಿಲಿನ್, ಬಾಯಿ ಒಣಗುತ್ತದೆ ಅಂತ ಯಾವಾಗಲೂ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಾರೆ. ಬೊಟಾಕ್ಸ್ ಸೂಜಿ, ತಿಂಗಳಿಗೊಂದು ಚುಚ್ಚುವ ಹೊಸ ಇಂಜೆಕ್ಷನ್ ಇವೆಲ್ಲ ಇವೆ, ನಾನು ಮಾಡಿಸಿಲ್ಲ, ಆ ದುಡ್ಡಿಗೆ ಹೊಸ ಓವರ್‌ಲಾಕ್ ಮಷೀನು ಬರುತ್ತದೆ.

ನಸ್ಯದ ಬಗ್ಗೆ, ಅಂದರೆ ಮೂಗಿಗೆ ಎಣ್ಣೆ ಬಿಡುವ ಆಯುರ್ವೇದ ಚಿಕಿತ್ಸೆಯ ಬಗ್ಗೆ, ಹೇಳದಿದ್ದರೆ ನಮ್ಮಮ್ಮ ಬೈಯುತ್ತಾರೆ. ಮಿಶ್ರಣದ ಮಾತ್ರೆಯ ಕಾಲದಲ್ಲೇ, ಡಾಕ್ಟರ ಹತ್ತಿರ ಹೋಗುವ ಮುಂಚೆ, ಶಿವಮೊಗ್ಗದ ವಿನೋಬನಗರದಲ್ಲಿ ತಂಗಿ ಮನೆಯಲ್ಲಿ ಉಳಿದುಕೊಂಡು 7 ದಿನ ಮಾಡಿಸಿದ್ದೆ. ಮುಖಕ್ಕೆ ಎಣ್ಣೆ ತಿಕ್ಕಿ, ಹಬೆ ಕೊಟ್ಟು, ತಲೆ ಕೆಳಗೆ ಮಾಡಿ ಮಲಗಿಸಿ ಮೂಗಿಗೆ ಅಣುತೈಲ ಬಿಡುತ್ತಾರೆ. ಗಂಟಲಿಗೆ ಇಳಿದಾಗ ಖಾರ. ಆಯುರ್ವೇದದ ಹಳೇ ಗ್ರಂಥ ಸುಶ್ರುತ ಸಂಹಿತೆಯಲ್ಲೇ 11 ಥರದ ತಲೆಯ ರೋಗ ಹೇಳಿದೆಯಂತೆ, ಅದರಲ್ಲಿ ಸೂರ್ಯನ ಜೊತೆ ಏರಿ ಇಳಿಯುವುದು ಸೂರ್ಯಾವರ್ತ, ಅರ್ಧ ತಲೆ ಸೀಳುವುದು ಅರ್ಧಾವಭೇದಕ. ವೈದ್ಯರು ವಿವರಿಸಿದಾಗ ನನಗೆ ರೋಮಾಂಚನ ಆಯಿತು, ಅಷ್ಟು ಹಿಂದೆಯೇ ಯಾರಿಗೋ ನನ್ನ ಹಾಗೇ ನೋಯುತ್ತಿತ್ತಲ್ಲ ಅಂತ. ಮೊದಲ 2 ದಿನ ಭಯಂಕರ ನೋವು, ಆಮೇಲೆ 5 ದಿನ ಹೂವಿನ ಹಾಗೆ. ಊರಿಗೆ ವಾಪಸು ಬಂದ ಹತ್ತೇ ದಿನಕ್ಕೆ ಮತ್ತೆ ಶುರು.

ಆಗ ನಾನು ನಸ್ಯ ಹಿಡಿಸಲಿಲ್ಲ ಅಂದುಕೊಂಡೆ. ಈಗ ಯೋಚಿಸಿದರೆ ಆ 7 ದಿನ ಬೇರೆ ಮಾತ್ರೆ ನುಂಗಬಾರದು ಅಂತ ವೈದ್ಯರು ಹೇಳಿದ್ದರು, ನಾನು ನುಂಗಿರಲಿಲ್ಲ. ಹೊಲಿಗೆ ಇಲ್ಲ, ತಂಗಿ ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದಳು, ರಾತ್ರಿ 9ಕ್ಕೆ ನಿದ್ದೆ. ಗುಣ ಎಣ್ಣೆಯದೋ, ರಜೆಯದೋ, ಮಾತ್ರೆ ಬಿಟ್ಟಿದ್ದರದ್ದೋ? ಬೇರ್ಪಡಿಸಿ ನೋಡಲು ನನ್ನಿಂದ ಆಗುವುದಿಲ್ಲ, ಹಾಗಾಗಿ ನಸ್ಯಕ್ಕೆ ನಾನು ಅಂಕ ಕೊಡುವುದಿಲ್ಲ, ಕಳೆಯುವುದೂ ಇಲ್ಲ.

ಇನ್ನು ದುಡ್ಡಿಲ್ಲದೆ ಮಾಡಿದ ಮೂರು ಬದಲಾವಣೆ. ಇವು ಕ್ಯಾಲೆಂಡರ್ ಇಲ್ಲದಿದ್ದರೆ ಈ ಜನ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅತ್ತೆ ಕ್ಯಾಲೆಂಡರ್ ನೋಡುತ್ತಾ, "ಅಲ್ವೇ, ಎಲ್ಲಾ ಸಂಕಷ್ಟಿಗೂ ಗೆರೆ ಬಿದ್ದಿದೆಯಲ್ಲೇ" ಅಂದರು. ನಿಜ. ಬೆಳಿಗ್ಗೆಯಿಂದ ಉಪವಾಸ, ಚಂದ್ರ ಹುಟ್ಟಿದ ಮೇಲೆ ಊಟ, ನಮ್ಮ ಮಳೆಗಾಲದಲ್ಲಿ ಚಂದ್ರ ಎಲ್ಲಿ ಕಾಣುತ್ತಾನೆ, ಪಂಚಾಂಗದಲ್ಲಿ ಬರೆದ ಹೊತ್ತಿಗೆ ಕಾಯುತ್ತಾ ರಾತ್ರಿ 9 ದಾಟುತ್ತದೆ. ಹೊಟ್ಟೆ ಖಾಲಿ ಬಿಡುವುದು ಅರೆತಲೆನೋವಿಗೆ ಕರೆದು ಮಣೆ ಹಾಕಿದ ಹಾಗೆ. ನಿಲ್ಲಿಸು ಅಂತ ಹೇಳಿದವರೂ ಅತ್ತೆಯೇ, ಗಣಪತಿಗೆ ನಾನು ಹೇಳಿಕೊಳ್ಳುತ್ತೇನೆ ಅಂದರು. ಈಗ ಅವಲಕ್ಕಿ, ಬಾಳೆಹಣ್ಣು ತಿನ್ನುತ್ತೇನೆ. ತಿಂಗಳಿಗೆ ಒಂದು ಗೆರೆ ಸೀದಾ ಕಡಿಮೆಯಾಯಿತು, ಯಾವ ಮಾತ್ರೆಯೂ ಇಲ್ಲದೆ.

ಎರಡನೆಯದು ಕಾಫಿ. ಮಲೆನಾಡಿನವರಿಗೆ ಕಾಫಿ ಬಿಡಿ ಅಂದರೆ ಉಸಿರು ಬಿಡಿ ಅಂದ ಹಾಗೆ. ನಾನು ದಿನಕ್ಕೆ 5 ಲೋಟ ಕುಡಿಯುತ್ತಿದ್ದೆ, ಭಾನುವಾರ ತಡವಾಗಿ ಎದ್ದಾಗ ತಲೆನೋವು ಗ್ಯಾರಂಟಿ. ಅದು ಕೆಫೀನ್ ಸಿಗದ ನೋವು, ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಪೂರ್ತಿ ಬಿಡಲು ಹೋಗಿ 3 ದಿನ ಒದ್ದಾಡಿ ಸೋತೆ. ಆಮೇಲೆ ವಾರಕ್ಕೆ ಒಂದೊಂದು ಲೋಟ ಇಳಿಸಿ 2ಕ್ಕೆ ತಂದು ನಿಲ್ಲಿಸಿದ್ದೇನೆ, ಬೆಳಿಗ್ಗೆ ಆರೂವರೆಗೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು, ಭಾನುವಾರವೂ ಅದೇ ಹೊತ್ತಿಗೆ.

ಮೂರನೆಯದು ತಲೆಸ್ನಾನ. ಇದನ್ನು ಹೇಳಿದಾಗ ಗಂಡಸರು ನಗುತ್ತಾರೆ. ಆದರೆ ಮುಂಬಯಿಯ ಡಾಕ್ಟರೊಬ್ಬರು 94 ರೋಗಿಗಳನ್ನು ನೋಡಿ, ನಮ್ಮ ದೇಶದಲ್ಲಿ ತಲೆಗೆ ನೀರು ಹಾಕಿಕೊಳ್ಳುವುದೇ ಅರೆತಲೆನೋವಿಗೆ ಕಾರಣವಾಗುವುದುಂಟು ಅಂತ 2006ರಲ್ಲಿ ಬರೆದಿದ್ದಾರೆ. ಸೊಂಟದವರೆಗಿನ ಕೂದಲು, ಆಷಾಢದ ಥಂಡಿ, ಬಟ್ಟೆಯೇ ಮೂರು ದಿನವಾದರೂ ಒಣಗದ ಊರು, ಕೂದಲು ಎಲ್ಲಿ ಒಣಗಬೇಕು? ಒಣಗಲಿ ಅಂತ ಬಚ್ಚಲ ಒಲೆ ಮುಂದೆ ಕೂತರೆ ಹೊಗೆ, ಆ ಹೊಗೆಗೇ ಇನ್ನೊಂದು ತಲೆನೋವು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹೊಗೆ, ಚೊಗರಿನ ವಾಸನೆ, ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯುತ್ತಾ ಕೂತು ನಿದ್ದೆಗೆಡುವುದು, ಅದರ ಕಥೆ ಬೇರೆಯೇ ಇದೆ, ಅದನ್ನು ನಾನು ಬದಲಾಯಿಸಲು ಆಗಿಲ್ಲ, ಸುಲಿಯುವ ಮಷೀನು ತಂದ ವರ್ಷ ನಿದ್ದೆಯ ಪಾಲು ಸ್ವಲ್ಪ ಕಡಿಮೆಯಾಯಿತು. ತಲೆಸ್ನಾನಕ್ಕೆ ಮಾಡಿದ್ದು ಕೂದಲನ್ನು ಭುಜದವರೆಗೆ ಕತ್ತರಿಸಿದ್ದು, ಸಂಜೆ ಬಿಟ್ಟು ಬೆಳಿಗ್ಗೆ ಹತ್ತರ ನಂತರ ಮಾಡುವುದು, ನೀರು ಬೆಚ್ಚಗೆ ಮಾತ್ರ, ಹಸಿದ ಹೊಟ್ಟೆಯಲ್ಲಿ ಬೇಡ. ಕೂದಲು ಕತ್ತರಿಸಿದ್ದಕ್ಕೆ ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು.

ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ವರ್ಷದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತಂತೆ. ಅದನ್ನು ಕೇಳಿದ ಮೇಲೆ ಅಂಗಡಿಗೆ ಬರುವವರನ್ನು ಎಣಿಸುವ ಚಟ ಹತ್ತಿದೆ. ಅಳತೆ ಕೊಡುವಾಗ ಟ್ಯೂಬ್‌ಲೈಟ್ ನೋಡಿ ಕಣ್ಣು ಕಿರಿದು ಮಾಡಿದರೆ ಸಾಕು, ಕೇಳಿಬಿಡುತ್ತೇನೆ, ತಿಂಗಳಿಗೆ ಎಷ್ಟು ದಿನ ಅಂತ. ಯಾವ ಮಾತ್ರೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ, ಎಷ್ಟು ಮಾತ್ರೆ ಅಂತ ಕೇಳುತ್ತೇನೆ. ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಸೀಮೆಸುಣ್ಣದಲ್ಲಿ ಬಟ್ಟೆಗೆ ಗುರುತು ಹಾಕುತ್ತಾ ಮುಂದಿನ ಸಲ ಬರುವಾಗ ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಬನ್ನಿ ಅನ್ನುತ್ತೇನೆ. ಈವರೆಗೆ ಇಬ್ಬರು ತಂದು ತೋರಿಸಿದ್ದಾರೆ, ಒಬ್ಬರದ್ದು 22 ಚುಕ್ಕಿ. ಅವರನ್ನು ನಾಡಿದ್ದು ಗುರುವಾರ ಬೆಳಗಿನ ಬಸ್ಸಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಮುಂದಿನ ಸೀಟು ಹಿಡಿಯಬೇಕು, ಖಾಲಿ ಕವರ್ ಎರಡು ಇಟ್ಟುಕೊಳ್ಳಬೇಕು.